ಪಂಪು ಹಿಡಿದವನಿಗೆ ಪಾಠ ಹೇಳುವವರಾರು?

ಸೊಳ್ಳೆ, ಜಿರಲೆ, ತಿಗಣೆಗಳನ್ನು ಕೊಲ್ಲುವುದಕ್ಕೂ ಒಂದು ಓದು ಬೇಕೆ ಎಂದು ನಗುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪಟ್ಟಣದ ಕೀಟಗಳ ಹತೋಟಿಯಲ್ಲಿ ವಿದ್ಯಾರ್ಥಿಗಳಿಗೂ ಆ ಕಸುಬಿನವರಿಗೂ ಕ್ರಮವಾದ ಶಿಕ್ಷಣ ಕೊಡಬೇಕೆಂಬ ಮಾತನ್ನು ಎತ್ತಿದರೆ ಸಾಕು, "ಕಾಲಲ್ಲಿ ಚಪ್ಪಲಿ ಇದೆಯಲ್ಲ ಸ್ವಾಮಿ, ಅದು ಸಾಲದೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ನಗಲಿ, ಅಡ್ಡಿಯಿಲ್ಲ. ಆದರೆ ಗಿರಣಿಯಲ್ಲಿ ದುಡಿಯುವವರೂ ಸಣ್ಣ ಅಂಗಡಿ ಇಟ್ಟುಕೊಂಡವರೂ ಈ ನಗುವಿನಲ್ಲಿ ಸೇರುವ ಮೊದಲು ಸ್ವಲ್ಪ ಯೋಚಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಡೆಂಗಿ ಜ್ವರ ಬಂದು ಹತ್ತು ದಿನ ಮಲಗಿದರೆ ಹತ್ತು ದಿನದ ಕೂಲಿ ಹೋಗುವುದು ಯಾರದು? ಹುಳ ಬಿದ್ದ ಬೇಳೆಯ ಮೂಟೆಯನ್ನು ಬೀದಿಗೆ ಸುರಿಯಬೇಕಾಗಿ ಬರುವುದು ಯಾರಿಗೆ? ಬೆನ್ನಿಗೆ ವಿಷದ ಡಬ್ಬ ಕಟ್ಟಿಕೊಂಡು, ಮೂಗಿಗೆ ಒಂದು ಕರವಸ್ತ್ರ ಸುತ್ತಿಕೊಂಡು, ಪರರ ಮನೆಯ ಮೂಲೆ ಮೂಲೆಗೆ ಸಿಂಪಡಿಸುವ ಹುಡುಗ ಯಾರ ಮನೆಯವನು? ಅವನು ನಮ್ಮ ಕೇರಿಯವನೇ ಅಲ್ಲವೆ?

ಬೆಂಗಳೂರಿನ ಜಯನಗರದ ವಿಷಯವನ್ನೇ ತೆಗೆದುಕೊಳ್ಳೋಣ. ೧೯೪೮ರಲ್ಲಿ, ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಕೈಯಿಂದ ಅಡಿಗಲ್ಲು ಹಾಕಿಸಿಕೊಂಡ ಬಡಾವಣೆ ಅದು. ಅಳೆದು ಗೆರೆ ಹಾಕಿ ಕಟ್ಟಿದ ರಸ್ತೆಗಳು, ಸಾಲುಮರ, ಬ್ಲಾಕಿಗೊಂದು ಪಾರ್ಕು. ಇಂಥ ಕಡೆ ಕೀಟಗಳ ಕಾಟವೇ ಇರಬಾರದು ಎಂದು ನಮ್ಮಂಥ ಪರಊರಿನವರು ಅಂದುಕೊಳ್ಳುತ್ತೇವೆ. ಆದರೆ ಡೆಂಗಿ ಹರಡುವ ಸೊಳ್ಳೆ ಚರಂಡಿಯ ಕೊಳಕಿನಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಬೇಕಾದ್ದು ಶುದ್ಧವಾದ ನಿಂತ ನೀರು. ತಾರಸಿಯ ಮೇಲಿನ ಮುಚ್ಚಳವಿಲ್ಲದ ತೊಟ್ಟಿ, ಹೂಕುಂಡದ ಕೆಳಗಿನ ತಟ್ಟೆ, ಶೀತಲ ಪೆಟ್ಟಿಗೆಯ ಹಿಂದಿನ ಬೋಗುಣಿ, ನೆಲದಡಿಯ ಸಂಪು, ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯ ಬದಿಯಲ್ಲಿ ಕುಡಿದು ಎಸೆದ ಎಳನೀರಿನ ಬುರುಡೆ: ಇಷ್ಟು ಸಾಕು. ನೀರು ದಿನ ಬಿಟ್ಟು ದಿನ ಬರುವ ತಿಲಕನಗರ, ಸಿದ್ಧಾಪುರ, ಬೈರಸಂದ್ರದ ಓಣಿಗಳಲ್ಲಿ ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳದೆ ಗತಿಯಿಲ್ಲ. ಬಂಗಲೆಯ ಹೂಕುಂಡದ ಸೊಳ್ಳೆ ಓಣಿಯ ಮಗುವನ್ನು ಕಡಿಯುತ್ತದೆ, ಓಣಿಯ ಡ್ರಮ್ಮಿನದು ಬಂಗಲೆಯ ಮಗುವನ್ನು. ಜಾತಿ, ಅಂತಸ್ತುಗಳ ಗೋಡೆಯನ್ನು ನೋಡದ ಪ್ರಾಣಿ ಈ ದೇಶದಲ್ಲಿ ಇನ್ನೊಂದಿಲ್ಲ.

ಈ ಪಾಠ ಬೆಂಗಳೂರಿಗೆ ಹೊಸದಲ್ಲ. ೧೮೮೩ರಲ್ಲಿ ಅಲ್ಲಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ಡಾಕ್ಟರೊಬ್ಬನಿದ್ದ. ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ತಡೆಯಲಾಗದಷ್ಟು. ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ಒಂದು ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಕುಣಿಯುತ್ತಿರುವುದು ಕಂಡಿತು. ತೊಟ್ಟಿಯನ್ನು ಮಗುಚಿ ಹಾಕಿದ, ಸೊಳ್ಳೆ ಕಡಿಮೆಯಾಯಿತು. ಆನಂದದಿಂದ ಹೋಗಿ, ಊಟದ ಮನೆಯ ಸುತ್ತ ಇರುವ ತೊಟ್ಟಿ, ಡಬ್ಬ, ಹೂದಾನಿಗಳನ್ನೂ ಹೀಗೆಯೇ ಖಾಲಿ ಮಾಡಿಸೋಣವೆಂದು ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಗಳನ್ನು ದೇವರು ಯಾವುದೋ ಉದ್ದೇಶಕ್ಕೆ ಸೃಷ್ಟಿಸಿದ್ದಾನೆ, ಸಹಿಸಿಕೊಂಡಿರುವುದೇ ನಮ್ಮ ಕರ್ತವ್ಯ ಎಂಬ ಅರ್ಥದ ಮಾತಾಡಿದನಂತೆ. ರಾಸ್ ಮಹಾಶಯನೇ ತನ್ನ ನೆನಪುಗಳಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಮುಂದೆ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದು, ೧೯೦೨ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಸ್ ಇವನೇ. ಆ ಮೇಲಿನ ಅಧಿಕಾರಿಯ ವಂಶ ಮಾತ್ರ ಇನ್ನೂ ನಮ್ಮ ಪುರಸಭೆಗಳಲ್ಲಿ ಮುಗಿದಿಲ್ಲವೆಂದು ನಮಗೆ ಅನುಮಾನ.

ಹದಿನೈದು ವರ್ಷದ ಮೇಲೆ ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಓಡಿದರು, ಪ್ಲೇಗಮ್ಮನ ಗುಡಿಗಳೆದ್ದವು, ಪೇಟೆಯ ಇಕ್ಕಟ್ಟಿನಿಂದ ಹೊರಗೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಇಲಿಯ ಮೈಮೇಲಿನ ಚಿಗಟವೇ ಈ ಮಾರಿಯನ್ನು ಹೊರತಕ್ಕದ್ದು ಎಂದು ಫ್ರೆಂಚ್ ಡಾಕ್ಟರ್ ಸಿಮಾಂಡ್ ಅದೇ ವರ್ಷ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಎಷ್ಟೋ ವರ್ಷ ಅವನ ಮಾತನ್ನು ಯಾರೂ ನಂಬಲಿಲ್ಲ. ಒಂದು ಚಿಗಟ ಒಂದು ನಗರದ ನಕ್ಷೆಯನ್ನೇ ತಿದ್ದಿತೆಂದರೆ, ಕೀಟದ ಓದನ್ನು ಹಗುರವಾಗಿ ಕಾಣುವುದು ಬುದ್ಧಿವಂತಿಕೆಯಲ್ಲ.

ಹೊಲದ ಕೀಟದ ವಿಷಯದಲ್ಲಿ ಮೈಸೂರು ಸೀಮೆ ಹಿಂದೆ ಬಿದ್ದಿರಲಿಲ್ಲ. ೧೯೦೮ರಲ್ಲಿಯೇ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯನ್ನು ಕರೆಸಿಕೊಂಡರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಯುವ ವಿಧಾನವನ್ನು ಆತ ಮಲೆನಾಡಿನ ತೋಟಗಳಿಗೆ ತಲುಪಿಸಿದ. ಮರ ಹತ್ತುವ ಕೊನೆಗೌಡನಿಗೆ ಆ ವಿದ್ಯೆ ಬಂದದ್ದರಿಂದಲೇ ತೋಟ ಉಳಿಯಿತು. ಕೋಲ್ಮನ್ನನ ವರದಿ ಬೆಂಗಳೂರಿನ ಬೀರುವಿನಲ್ಲಿ ಇದ್ದಿದ್ದರೆ ಉಳಿಯುತ್ತಿರಲಿಲ್ಲ. ೧೯೧೩ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಭತ್ತದ ಕಾಂಡಕೊರಕ, ತೆಂಗಿನ ಕಪ್ಪುತಲೆ ಹುಳುಗಳ ಜಾತಕವೆಲ್ಲ ಅಲ್ಲಿ ಸಿಕ್ಕುತ್ತದೆ. ಆದರೆ ಊರೊಳಗಿನ ಕೀಟಕ್ಕೆ ಯಜಮಾನರೇ ಇಲ್ಲ. ಆರೋಗ್ಯ ಇಲಾಖೆ ಸೊಳ್ಳೆಯನ್ನಷ್ಟೇ ತನ್ನದೆನ್ನುತ್ತದೆ. ಗೆದ್ದಲು ಮರಾಮತ್ತಿನ ಇಲಾಖೆಯದು. ಮೂಟೆಯ ಹುಳ ಆಹಾರ ಇಲಾಖೆಯದು. ಜಿರಲೆ, ತಿಗಣೆಗಳು ಯಾರ ಲೆಕ್ಕಕ್ಕೂ ಇಲ್ಲದ ಅನಾಥರು. ಕರ್ನಾಟಕದ ಅರ್ಧದಷ್ಟು ಜನ ಪಟ್ಟಣಗಳಲ್ಲಿ ಬದುಕುವ ಕಾಲ ಹತ್ತಿರ ಬಂದಿದೆ. ವಿದ್ಯೆ ಇನ್ನೂ ಗದ್ದೆಯ ಬದುವಿನಲ್ಲೇ ನಿಂತಿದೆ.

ಕಾನೂನು ಇಲ್ಲವೆ ಎಂದರೆ, ಇದೆ. ೧೯೫೮ರಲ್ಲಿ ಕೇರಳದಲ್ಲಿ, ಆಹಾರದ ಮೂಟೆಗಳ ಜೊತೆಗೇ ಹಡಗಿನಲ್ಲಿ ಬಂದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಹಿಟ್ಟಿಗೆ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಹೆಣಗಳ ಮೇಲೆ ಹುಟ್ಟಿದ ಕಾನೂನು ೧೯೬೮ರ ಕೀಟನಾಶಕ ಕಾಯಿದೆ. ಅದರ ಕೆಳಗೆ ೧೯೭೧ರಲ್ಲಿ ನಿಯಮಗಳಾದವು. ಕೀಟ ನಿವಾರಣೆಯನ್ನು ಕಸುಬಾಗಿ ಮಾಡುವವನಿಗೆ ಲೈಸೆನ್ಸು ಬೇಕು. ಅವನಾಗಲಿ ಅವನ ಪ್ರತಿನಿಧಿಯಾಗಲಿ ಕೃಷಿ ಪದವೀಧರನೋ, ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವೀಧರನೋ ಆಗಿರಬೇಕು. ಅದರ ಮೇಲೆ ಕಡೆಯ ಪಕ್ಷ ಹದಿನೈದು ದಿನದ ತರಬೇತಿ ಪಡೆದಿರಬೇಕು. ಆ ತರಬೇತಿಗೆ ನಿಯಮದಲ್ಲಿ ಹೆಸರಿಸಿರುವ ಸಂಸ್ಥೆಗಳಲ್ಲಿ ಒಂದು ನಮ್ಮ ಮೈಸೂರಿನದೇ: ೧೯೫೦ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ. ಉಳಿದವು ಹಾಪುರ ಮತ್ತು ಹೈದರಾಬಾದಿನಲ್ಲಿವೆ.

ಒಳ್ಳೆಯ ನಿಯಮವೇ. ಆದರೆ ಅದು ಯಾರಿಗೆ ಪಾಠ ಹೇಳುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು. ಪದವೀಧರ ತರಬೇತಿ ಪಡೆಯುತ್ತಾನೆ. ಸರ್ಟಿಫಿಕೇಟು ಕಚೇರಿಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ನೇತಾಡುತ್ತದೆ. ಡಬ್ಬದ ಮುಚ್ಚಳ ತೆರೆಯುವವನು, ನೀರಿಗೆ ಬೆರೆಸುವವನು, ಮಂಚದ ಕೆಳಗೆ ಬಗ್ಗಿ ಹೊಡೆಯುವವನು ಬೇರೆ. ಅವನು ಏಳನೆಯ ಕ್ಲಾಸಿಗೋ ಎಸ್.ಎಸ್.ಎಲ್.ಸಿ.ಗೋ ಓದು ಬಿಟ್ಟವನು. ಅವನಿಗೆ ಹೇಳಿಕೊಟ್ಟವನು ಅವನಿಗಿಂತ ಆರು ತಿಂಗಳು ಮುಂಚೆ ಕೆಲಸಕ್ಕೆ ಸೇರಿದ ಇನ್ನೊಬ್ಬ ಹುಡುಗ. ಓದಿದ್ದು ಒಬ್ಬ, ಉಸಿರಿಗೆ ಎಳೆದುಕೊಂಡಿದ್ದು ಇನ್ನೊಬ್ಬ! ಕೆಲಸಗಾರರಿಗೆ ರಕ್ಷಣಾ ಉಡುಪು ಕೊಡಬೇಕು, ವೈದ್ಯಪರೀಕ್ಷೆ ಮಾಡಿಸಬೇಕು, ಎಚ್ಚರಿಕೆಯ ತರಬೇತಿ ಕೊಡಿಸಬೇಕು ಎಂದೂ ಅದೇ ನಿಯಮಾವಳಿಯಲ್ಲಿ ಬರೆದಿದೆ. ಬರೆದದ್ದು ಬರೆದ ಹಾಗೆಯೇ ಇದೆ. ನಮ್ಮ ಊರಿನಲ್ಲಿ ಈ ಕೆಲಸ ಮಾಡುವ ನಾಲ್ಕೈದು ಮಂದಿಯನ್ನು ಕೂಡಿಸಿ ನಾವು ಮಾತಾಡಿಸಿದೆವು. ರಕ್ತ ಪರೀಕ್ಷೆಯಾದವರು ಒಬ್ಬರೂ ಇಲ್ಲ. ಡಬ್ಬದ ಮೇಲಿನ ಚೌಕದ ಬಣ್ಣ ಏನು ಹೇಳುತ್ತದೆಂದು ಕೇಳಿದರೆ, ಕಂಪೆನಿಯ ಗುರುತು ಎಂದರು. ಕಂಪೆನಿಯ ಗುರುತಲ್ಲ, ಕೆಂಪು ಇದ್ದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸುರು ಎಲ್ಲಕ್ಕಿಂತ ಕಡಿಮೆ. ಒಂದನೆಯ ಕ್ಲಾಸಿನ ಮಗುವಿಗೂ ಐದು ನಿಮಿಷದಲ್ಲಿ ಕಲಿಸಬಹುದಾದ ಪಾಠ ಇದು. ಐದು ನಿಮಿಷ ಯಾರಿಗೂ ಪುರಸೊತ್ತಾಗಲಿಲ್ಲ.

ಕಲಿಸದೆ ಬಿಟ್ಟದ್ದರ ಫಲ ಏನೆಂಬುದನ್ನು ದೇಶ ಒಮ್ಮೆ ದೊಡ್ಡ ಪ್ರಮಾಣದಲ್ಲಿ ಅನುಭವಿಸಿದೆ. ೧೯೪೬ರಲ್ಲಿ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರು ನಮ್ಮ ಕಾರವಾರ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೋಡೆಗಳಿಗೆ ಡಿ.ಡಿ.ಟಿ. ಹೊಡೆಸಿ ಮಲೇರಿಯಾವನ್ನು ಇಳಿಸಿ ತೋರಿಸಿದರು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನ ಆ ಜ್ವರದಲ್ಲಿ ನರಳುತ್ತಿದ್ದರು, ಎಂಟು ಲಕ್ಷ ಜನ ಸಾಯುತ್ತಿದ್ದರು. ೧೯೫೩ರಲ್ಲಿ ರಾಷ್ಟ್ರೀಯ ಯೋಜನೆ ಆರಂಭವಾಗಿ, ೧೯೬೫ರ ಹೊತ್ತಿಗೆ ರೋಗಿಗಳ ಸಂಖ್ಯೆ ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಅಧಿಕಾರಿಗಳು ಕೈಕಟ್ಟಿ ಕುಳಿತರು. ಸಾಮಗ್ರಿ ತಡವಾಯಿತು, ನಿಗಾ ಸಡಿಲಾಯಿತು, ಸೊಳ್ಳೆಯೂ ಆ ವಿಷವನ್ನು ಅರಗಿಸಿಕೊಳ್ಳುವುದನ್ನು ಕಲಿಯಿತು. ೧೯೭೬ರಲ್ಲಿ ಮತ್ತೆ ೬೪ ಲಕ್ಷ! ಅಷ್ಟು ವರ್ಷದಲ್ಲಿ ಸೊಳ್ಳೆ ಕಲಿತಷ್ಟು ನಮ್ಮ ಇಲಾಖೆಗಳು ಕಲಿಯಲಿಲ್ಲ.

ಇಂದಿಗೂ ಜ್ವರದ ಸುದ್ದಿ ಬಂದ ಕೂಡಲೆ ನಡೆಯುವ ಪೂಜೆ ಯಾವುದು? ಹೊಗೆ ಬಂಡಿ. ಗಡಗಡ ಸದ್ದು ಮಾಡುತ್ತ ಬಿಳಿ ಹೊಗೆ ಬಿಡುತ್ತ ಬೀದಿಯಲ್ಲಿ ಬರುತ್ತದೆ. ಮುಂದೆ ಪುರಸಭೆಯ ಸದಸ್ಯರು, ಹಿಂದೆ ಮಕ್ಕಳ ಮೆರವಣಿಗೆ, ಪಕ್ಕದಲ್ಲಿ ಫೋಟೋ ತೆಗೆಯುವವರು. ಹೊಗೆ ಹಾರುವ ಸೊಳ್ಳೆಗೆ ಮಾತ್ರ ತಾಗುತ್ತದೆ. ಡ್ರಮ್ಮಿನಲ್ಲಿರುವ ಮರಿಹುಳುವಿಗೆ ಅದರಿಂದ ಕೂದಲೂ ಕೊಂಕದು; ಕೆಲವೇ ದಿನದಲ್ಲಿ ಅದಕ್ಕೂ ರೆಕ್ಕೆ ಬರುತ್ತದೆ. ರೋಗ ಹಬ್ಬಿದಾಗ ಹೊಗೆಗೂ ಒಂದು ಸ್ಥಾನವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನೇ ಸರ್ವಸ್ವವೆಂದು ತೋರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ. ನೀರನ್ನು ಚೆಲ್ಲಿದರೂ ಸಾಲದು ಎಂಬುದು ಎಷ್ಟು ಜನಕ್ಕೆ ಗೊತ್ತು? ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿಗಿಂತ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ನೀರಿಲ್ಲದೆ ತಿಂಗಳುಗಟ್ಟಲೆ ಅದು ಹಾಗೆಯೇ ಬದುಕಿರುತ್ತದೆ. ಮತ್ತೆ ನೀರು ತುಂಬಿದ ದಿನ ಒಡೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮನ್ನು ಬರಿದು ಮಾಡಿ, ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು. ಈ ಒಂದು ವಾಕ್ಯಕ್ಕೆ ಒಂದು ಹೊಗೆ ಬಂಡಿಗಿಂತ ಹೆಚ್ಚು ಬೆಲೆ. ಆದರೆ ಈ ವಾಕ್ಯದ ಫೋಟೋ ತೆಗೆಯಲು ಬರುವುದಿಲ್ಲವಲ್ಲ!

ಮನೆಯೊಳಗಿನ ಕಥೆಯೂ ಇದೇ. ಜಿರಲೆಯ ಮೊಟ್ಟೆಚೀಲದೊಳಕ್ಕೆ ಸಿಂಪಡಿಸಿದ ಔಷಧ ಇಳಿಯುವುದಿಲ್ಲ. ಅಡಿಗೆಮನೆಯ ಸಣ್ಣ ಕಂದು ಜಿರಲೆಯ ಒಂದೊಂದು ಚೀಲದಲ್ಲಿ ಮೂವತ್ತು ನಲವತ್ತು ಮರಿಗಳಿರುತ್ತವೆ. ಇಂದು ಹೊಡೆದು, ಮುಂದಿನ ತಿಂಗಳು ಮತ್ತೆ ಬಂತೆಂದು ಎರಡರಷ್ಟು ಬೆರೆಸಿ ಹೊಡೆಯುವವರಿದ್ದಾರೆ. ತಿಳಿದವನಾದರೆ ಸಂದಿಯಲ್ಲಿ ಕಡಲೆಕಾಳಿನಷ್ಟು ವಿಷಾಹಾರದ ಅಂಟನ್ನಿಟ್ಟು, ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಿ, ಕಸದ ಡಬ್ಬಕ್ಕೆ ಮುಚ್ಚಳ ಹಾಕಿಸಿ ಬರುತ್ತಾನೆ. ತಿಗಣೆಗೆ ಬಿಸಿ ಸಾಕು. ಐವತ್ತು ಡಿಗ್ರಿ ಶಾಖ ಮೈಗೆ ತಟ್ಟಿದರೆ ಸಾಯುತ್ತದೆ. ನಮ್ಮ ಅಜ್ಜಿಯರು ಕುದಿನೀರು ಹೊಯ್ದು ಹಗ್ಗದ ಮಂಚವನ್ನು ಬಿಸಿಲಿಗೆ ಹಾಕುತ್ತಿದ್ದದ್ದು ದಡ್ಡತನವಾಗಿರಲಿಲ್ಲ. ಈಗ ತಿಳಿಯದವನು ಮುಚ್ಚಿದ ಕೋಣೆಯಲ್ಲಿ ವಿಷ ತುಂಬಿ ಹೋಗುತ್ತಾನೆ. ೨೦೨೨ರಲ್ಲಿ ಬೆಂಗಳೂರಿನಲ್ಲೇ, ಔಷಧ ಹೊಡೆಸಿದ್ದ ಮನೆಗೆ ಊರಿನಿಂದ ಹಿಂತಿರುಗಿದ ಕುಟುಂಬವೊಂದು ಅಸ್ವಸ್ಥವಾಗಿ, ಒಂದು ಮಗು ಸತ್ತಿತು. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟರೆಂಬ ಗಾದೆಯನ್ನು ನಾವು ತಮಾಷೆಗೆ ಹೇಳುತ್ತಿದ್ದೆವು.

ಅಂಗಡಿಯ ಬಂಧುಗಳಿಗೆ ಒಂದು ಮಾತು. ದಿನಸಿ ಮೂಟೆಯ ಸಂದಿಯಲ್ಲಿ ಕೆಲವರು ಇಡುವ ಬೂದುಬಣ್ಣದ ಗುಳಿಗೆ, ಅಲ್ಯೂಮಿನಿಯಂ ಫಾಸ್ಫೈಡು, ಆಟದ ಸಾಮಾನಲ್ಲ. ಮೂರು ಗ್ರಾಮಿನ ಒಂದು ಗುಳಿಗೆ ಗಾಳಿಯ ತೇವವನ್ನು ಹೀರಿ ಒಂದು ಗ್ರಾಂ ಫಾಸ್ಫೀನ್ ಅನಿಲವನ್ನು ಬಿಡುತ್ತದೆ. ಅದಕ್ಕೆ ಮದ್ದಿಲ್ಲ. ಗಾಳಿಯಾಡದ ಹೊದಿಕೆ ಹಾಕಿ, ದಿನಗಟ್ಟಲೆ ಮುಚ್ಚಿಟ್ಟು, ಆಮೇಲೆ ತೆರೆದು ಗಾಳಿಗೆ ಬಿಟ್ಟು ಮಾಡತಕ್ಕ, ಲೈಸೆನ್ಸು ಇದ್ದವನೇ ಮಾಡತಕ್ಕ ಕೆಲಸ ಅದು. ಅಂಗಡಿಯ ಅಟ್ಟದಲ್ಲೇ ಮಲಗುವ ಕೆಲಸದ ಹುಡುಗರಿರುವ ಕಡೆ ಅದನ್ನು ಇಡುವುದೆಂದರೆ ಕೊಲೆಗೆ ಸಮ. ಹಳೆಯ ದಾಸ್ತಾನು ಮೊದಲು ಖರ್ಚಾಗುವಂತೆ ನೋಡಿಕೊಂಡು, ಮೂಟೆಯನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಟ್ಟು, ಬಿರುಕಿನಲ್ಲಿ ಉಳಿದ ಹಿಟ್ಟನ್ನು ವಾರಕ್ಕೊಮ್ಮೆ ಗುಡಿಸಿ ಹೊರಗೆ ಹಾಕಿದರೆ ಅರ್ಧ ಹುಳದ ಕಾಟ ಅಲ್ಲೇ ಮುಗಿಯುತ್ತದೆ. ಅಕ್ಕಿ ಗಿರಣಿಯ ಕಾರ್ಮಿಕರಿಗೆ ಇದು ಗೊತ್ತೇ ಇದೆ. ಯಂತ್ರದ ಕೆಳಗಿನ ತೌಡು ಎಂದಿನಿಂದ ಬಿದ್ದಿದೆ ಎಂದು ಮಾಲೀಕರಿಗಿಂತ ಅವರೇ ಚೆನ್ನಾಗಿ ಹೇಳಬಲ್ಲರು. ಕೇಳುವವರು ಬೇಕು.

೨೦೨೪ರಲ್ಲಿ ಕರ್ನಾಟಕದಲ್ಲಿ ಡೆಂಗಿ ಮೂವತ್ತು ಸಾವಿರ ಜನರನ್ನು ಮೀರಿ ಹಿಡಿಯಿತು. ಆ ವರ್ಷದ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿಲ್ಲದೆ ಕಂಡ ಕಂಡ ಪಾತ್ರೆಯಲ್ಲೆಲ್ಲ ಜನ ನೀರು ತುಂಬಿಟ್ಟಿದ್ದರೆಂಬುದನ್ನು ಮರೆಯಬಾರದು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಹುಟ್ಟುವ ತಾಣ ಸಿಕ್ಕಿದರೆ ದಂಡವೆಂದಿತು: ಪಟ್ಟಣದ ಮನೆಗೆ ೪೦೦ ರೂಪಾಯಿ, ಅಂಗಡಿ ಹೋಟೆಲುಗಳಿಗೆ ೧,೦೦೦, ಕಟ್ಟಡ ಕಟ್ಟುವ ಜಾಗಕ್ಕೆ ೨,೦೦೦. ದಂಡವೇ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಲೆಕ್ಕ ನೋಡಿ. ಇಡ್ಲಿ ಮಾರುವವನಿಗೆ ಸಾವಿರವೆಂದರೆ ಎರಡು ದಿನದ ಅನ್ನ. ಹತ್ತು ಮಹಡಿ ಕಟ್ಟುವ ಕಂಟ್ರಾಕ್ಟರನಿಗೆ ಎರಡು ಸಾವಿರವೆಂದರೆ ಒಂದು ಸಂಜೆಯ ಕಾಫಿ ತಿಂಡಿ. ತಿಂಗಳುಗಟ್ಟಲೆ ನೀರು ನಿಲ್ಲುವ ಲಿಫ್ಟಿನ ಗುಂಡಿ ಅವನದು, ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ಮಲಗುವ ಕೂಲಿಗಾರನಿಗೆ ಜ್ವರ. ಇನ್ನೊಂದು: ಪಾಠ ಹೇಳದೆ ಪರೀಕ್ಷೆ ಮಾಡಿ ಬೆತ್ತ ಎತ್ತುವ ಮೇಷ್ಟರನ್ನು ಯಾರೂ ಒಳ್ಳೆಯ ಮೇಷ್ಟರು ಎನ್ನುವುದಿಲ್ಲ. ಆ ಕಸುಬಿನಲ್ಲಿದ್ದು ಬಂದವರಾದ್ದರಿಂದ ಇಷ್ಟು ಹೇಳುವ ಹಕ್ಕು ನಮಗಿದೆ.

ಹಾಗಾದರೆ ಏನಾಗಬೇಕು? ಕಾಲೇಜುಗಳಿಂದ ಆರಂಭಿಸಬಹುದು. ಜಯನಗರ, ಬಸವನಗುಡಿ, ಬನಶಂಕರಿಗಳಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿಗೆ ಕೊರತೆಯಿಲ್ಲ. ಸೊಳ್ಳೆಯ ನಾಲ್ಕು ಅವಸ್ಥೆಗಳ ಚಿತ್ರ ಬರೆದು ಐದು ಅಂಕ ತೆಗೆದುಕೊಳ್ಳುತ್ತಾರೆ. ತಮ್ಮ ಮನೆಯ ತೊಟ್ಟಿಯಲ್ಲಿರುವುದು ಅದೇ ಎಂದು ಗುರುತಿಸಲಾರರು. ಒಂದು ಟಾರ್ಚು, ಒಂದು ಬಿಳಿ ಸೌಟು ಕೊಟ್ಟು ಶನಿವಾರ ಬೀದಿಗೆ ಕಳಿಸಿ. ಸೌಟಿನಲ್ಲಿ ಬಂದ ಮರಿಹುಳು ನೀರಿನ ಮೇಲ್ಮೈಗೆ ಸಮನಾಗಿ ಅಡ್ಡ ಮಲಗಿದ್ದರೆ ಮಲೇರಿಯಾದ ಜಾತಿ. ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತಿದ್ದರೆ ಡೆಂಗಿಯದೋ ಆನೆಕಾಲಿನದೋ. ಅದನ್ನು ಬರೆದುಕೊಂಡು ಬಂದರೆ ಒಂದು ಬಡಾವಣೆಯ ನಕ್ಷೆ ಒಂದು ತಿಂಗಳಲ್ಲಿ ಸಿದ್ಧ. ಈ ಕೆಲಸವನ್ನು ಈಗ ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಹೊರಿಸಿದ್ದಾರೆ. ಸಂಬಳಕ್ಕಾಗಿ ೨೦೨೫ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬಯಲಿನಲ್ಲಿ ಕುಳಿತು ಹೋರಾಡಬೇಕಾದವರ ತಲೆಯ ಮೇಲೆ.

ಆದರೆ ನಮ್ಮ ಮುಖ್ಯ ಹಟ ಇರುವುದು ಪಂಪು ಹಿಡಿಯುವವನ ಬಗ್ಗೆ. ಅವನಿಗೊಂದು ತರಬೇತಿ ಬೇಕು, ಕನ್ನಡದಲ್ಲಿ ಬೇಕು, ಕೂಲಿ ಕಡಿಯದೆ ಬೇಕು. ಪದವಿ ಕೇಳಬಾರದು. ಬೆರೆಸುವ ಅಳತೆ, ಬಣ್ಣದ ಚೌಕ, ಮುಖವಾಡ ಹಾಕುವ ರೀತಿ, ವಿಷವೇರಿದರೆ ಕಾಣುವ ಲಕ್ಷಣ, ಹೊಡೆಯದೆ ಬಿಡಬೇಕಾದ ಜಾಗ: ಇವನ್ನು ಕೈಯಿಂದ ಮಾಡಿಸಿ ನೋಡಿ ಸರ್ಟಿಫಿಕೇಟು ಕೊಡಲಿ. ಡೈಕ್ಲೋರ್‌ವಾಸ್ ಎಂಬ ಔಷಧವನ್ನು ೨೦೨೦ರ ಕೊನೆಯ ದಿನದಿಂದ ಸರ್ಕಾರ ನಿಷೇಧಿಸಿತು. ವರ್ಷಗಟ್ಟಲೆ ಅದನ್ನೇ ಹೊಡೆದವನಿಗೆ ಆ ಸುದ್ದಿಯನ್ನು, ಅದರ ಕಾರಣವನ್ನು, ಯಾರು ಮುಟ್ಟಿಸಿದರು? ಪಾಠ ಹೇಳುವವರು ವಿಶ್ವವಿದ್ಯಾನಿಲಯದವರಾಗಿರಬೇಕು, ಮೈಸೂರಿನ ಸಂಶೋಧನಾಲಯದವರಾಗಿರಬೇಕು. ಔಷಧ ಮಾರುವ ಕಂಪೆನಿಯವರಾಗಿರಕೂಡದು. ವಿಷ ಮಾರುವವನು "ಕಡಿಮೆ ಬಳಸು" ಎಂದು ಕಲಿಸಿದ್ದನ್ನು ನಾವು ಎಲ್ಲಿಯೂ ಕಂಡಿಲ್ಲ. ನಲ್ಲಿ ರಿಪೇರಿ, ಮುಚ್ಚಳ, ನಾರು, ಬಾವಿಗೆ ಬಿಡುವ ಗಪ್ಪಿ ಮೀನು, ಇವುಗಳಲ್ಲಿ ಕಮಿಷನ್ನು ಹುಟ್ಟುವುದಿಲ್ಲ.

ಇಬ್ಬರು ಮೂವರನ್ನು ಇಟ್ಟುಕೊಂಡು ಈ ಕಸುಬು ನಡೆಸುವ ಸಣ್ಣ ಮಾಲೀಕರು, ಖರ್ಚು ನಾವು ಎಲ್ಲಿಂದ ತರೋಣ ಎಂದು ಕೇಳಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಖರ್ಚು ಅವರದಾಗಬಾರದು. ಪುರಸಭೆಗಳು ಆರೋಗ್ಯದ ಹೆಸರಿನಲ್ಲಿ ತೆರಿಗೆ ಎತ್ತುತ್ತವೆ. ದಂಡದ ಹಣವೂ ಈಗ ಬರುತ್ತಿದೆ. ಆ ದಂಡದ ಹಣವನ್ನು ಇನ್ನಾವುದಕ್ಕೂ ಮುಟ್ಟದೆ ಈ ತರಬೇತಿಗೇ ಮೀಸಲಿಡಲಿ. ೨೦೨೫ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆಯನ್ನು ಐದು ಮಾಡಿದರು. ಐದು ಕಡೆ ಐದು ಕಮಿಷನರು, ಐದು ಕಚೇರಿ, ಐದು ಬೋರ್ಡು. ಐದರಲ್ಲಿ ಒಂದಾದರೂ ಕೀಟಶಾಸ್ತ್ರ ಬಲ್ಲವನೊಬ್ಬನನ್ನು ಪೂರ್ತಿ ಕೆಲಸಕ್ಕೆ ಇಟ್ಟುಕೊಂಡು ಜಯನಗರದಂಥ ಒಂದು ಬಡಾವಣೆಯಲ್ಲಿ ಒಂದು ಮಳೆಗಾಲ ಮಾಡಿ ತೋರಿಸಲಿ; ಜಿಲ್ಲೆಯ ಊರುಗಳು ನೋಡಿ ಕಲಿಯುತ್ತವೆ.

ನಮ್ಮ ಊರಿನ ಮಟ್ಟಿಗೆ, ಬರುವ ತಿಂಗಳ ಪುರಸಭೆಯ ಸಭೆಗೆ ನಾವು ಮೂರು ಪ್ರಶ್ನೆಗಳನ್ನು ಬರೆದು ಕೊಡುತ್ತಿದ್ದೇವೆ. ಹೊಗೆ ಬಂಡಿಗೆ ಕಳೆದ ವರ್ಷ ಎಷ್ಟು ಖರ್ಚಾಯಿತು? ಔಷಧ ಹೊಡೆಯುವ ನೌಕರರಲ್ಲಿ ಎಷ್ಟು ಮಂದಿಗೆ ಮುಖವಾಡ ಕೊಟ್ಟಿದ್ದಾರೆ, ಎಷ್ಟು ಮಂದಿಯ ರಕ್ತ ಪರೀಕ್ಷೆಯಾಗಿದೆ? ಪುರಸಭೆಯ ಕಚೇರಿಯ ಹಿಂದೆ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದಲ್ಲಿರುವ ಮುಚ್ಚಳವಿಲ್ಲದ ತೊಟ್ಟಿಗೆ ದಂಡ ಯಾರು ಕಟ್ಟುವರು? ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ರಾತ್ರಿ ಪಾಳಿ ಮುಗಿಸಿದವರು ಬರಬಹುದು.